ಕೊಡಗಿನಲ್ಲಿದ್ದುಕೊಂಡೇ ಪಿಎಲ್‌ಸಿ ಕಲಿಯುವವರಿಗೆ: ಕಡಿಮೆ ಖರ್ಚಿನ ಹಾರ್ಡ್‌ವೇರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಐಟಿಐ, ಪಾಲಿಟೆಕ್ನಿಕ್ ಹುಡುಗರು, ಪೊನ್ನಂಪೇಟೆ, ಕುಶಾಲನಗರದಲ್ಲಿ ಎಂಜಿನಿಯರಿಂಗ್ ಓದುವವರು, ಕೂಡ್ಲೂರಿನ ಕಾಫಿ ವರ್ಕ್ಸ್‌ಗಳಲ್ಲಿ ಪ್ಯಾನೆಲ್ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್‌ಗಳು, ತೋಟದ ಪಂಪಿಗೆ ಏನಾದರೂ ಮಾಡಿಸಬೇಕೆನ್ನುವ ಬೆಳೆಗಾರರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಬೆಲೆಗಳೆಲ್ಲ ಅಂದಾಜು. ಕೊಳ್ಳುವ ದಿನ ಎರಡು ಕಡೆ ವಿಚಾರಿಸಿ.

## ಕೈ ಹಾಕುವ ಮೊದಲು

ಪಿಎಲ್‌ಸಿ ಅಂದ್ರೆ ಏನು ಸರ್? ಆರ್ಡಿನೋ ಬರುತ್ತೆ ನಂಗೆ, ಅದಕ್ಕಿಂತ ಇದರಲ್ಲೇನು ಹೆಚ್ಚು?

ಪಿಎಲ್‌ಸಿ, ಅಂದರೆ ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್, ಕಾರ್ಖಾನೆಯ ಯಂತ್ರ ಓಡಿಸಲೆಂದೇ ಮಾಡಿದ ಕಂಪ್ಯೂಟರ್. 1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್, ಗೋಡೆ ತುಂಬಾ ರಿಲೇ (ಕರೆಂಟು ಕೊಟ್ಟರೆ ಎಳೆಯುವ ಸ್ವಿಚ್) ಜೋಡಿಸಿದ ಪ್ಯಾನೆಲ್‌ಗಳ ಬದಲಿಗೆ ಬೇರೆ ಏನಾದರೂ ಬೇಕು ಎಂದು ಕೇಳಿತು. ಡಿಕ್ ಮೋರ್ಲಿ ಮತ್ತು ಸಂಗಡಿಗರು ಕೊಟ್ಟ ಉತ್ತರ ಮೋಡಿಕಾನ್ 084. ರಿಲೇ ಡ್ರಾಯಿಂಗ್ ಓದಬಲ್ಲ ಎಲೆಕ್ಟ್ರಿಷಿಯನ್‌ಗೆ ಪ್ರೋಗ್ರಾಮೂ ಓದಲು ಬರಲಿ ಎಂದೇ ಲ್ಯಾಡರ್, ಅಂದರೆ ಏಣಿಯಂತೆ ಕಾಣುವ ಚಿತ್ರದಲ್ಲಿ ಪ್ರೋಗ್ರಾಮ್ ಬರೆಯುವ ರೀತಿ, ಬಂತು.

ಆರ್ಡಿನೋ (ಕಲಿಯುವವರು ಬಳಸುವ ಪುಟ್ಟ ಪ್ರೋಗ್ರಾಮಬಲ್ ಬೋರ್ಡ್) ಬಲ್ಲವರು ಎಡವುವುದು ಸ್ಕ್ಯಾನ್‌ನಲ್ಲಿ. ಪಿಎಲ್‌ಸಿ ಮೊದಲು ಎಲ್ಲ ಇನ್‌ಪುಟ್ ಒಮ್ಮೆಗೇ ಓದುತ್ತದೆ, ಆಮೇಲೆ ಪ್ರೋಗ್ರಾಮನ್ನು ಮೇಲಿಂದ ಕೆಳಗೆ ನಡೆಸುತ್ತದೆ, ಕೊನೆಗೆ ಔಟ್‌ಪುಟ್ ಬರೆಯುತ್ತದೆ, ಮತ್ತೆ ಮೊದಲಿನಿಂದ. ನಡುವೆ ನಿಂತು ಕಾಯುವ ಮಾತಿಲ್ಲ. ಅದಕ್ಕೇ ಡಿಲೇ ಬಳಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಒಂದೇ ಔಟ್‌ಪುಟ್ ಕಾಯಿಲ್ (ಲ್ಯಾಡರ್‌ನಲ್ಲಿ ಔಟ್‌ಪುಟ್‌ನ ಗುರುತು) ಎರಡು ಕಡೆ ಬರೆದರೆ ಕೆಳಗಿನದೇ ಗೆಲ್ಲುತ್ತದೆ, ಮೇಲಿನದು ಬರೆದೂ ಬರೆಯದಂತೆ. ಇನ್ನೊಂದು ದೊಡ್ಡ ವ್ಯತ್ಯಾಸ: ಯಂತ್ರ ಓಡುತ್ತಿರುವಾಗಲೇ ಲ್ಯಾಡರ್‌ನ ಯಾವ ಕಾಂಟ್ಯಾಕ್ಟ್ ಆನ್, ಯಾವುದು ಆಫ್ ಎಂದು ಪರದೆಯ ಮೇಲೆ ಕಾಣುತ್ತದೆ. ದೋಷ ಹುಡುಕುವ ಕೆಲಸದಲ್ಲಿ ಮುಕ್ಕಾಲು ಪಾಲು ಅಷ್ಟೇ.

ಕೈಯಲ್ಲಿ ದುಡ್ಡಿಲ್ಲ, ಲ್ಯಾಪ್‌ಟಾಪ್ ಒಂದಿದೆ. ಕಲಿಯೋಕಾಗುತ್ತಾ?

ಧಾರಾಳವಾಗಿ. ಡೆಲ್ಟಾ ಕಂಪನಿಯ ಪಿಎಲ್‌ಸಿಗೆ ಪ್ರೋಗ್ರಾಮ್ ಬರೆಯುವ ಡಬ್ಲ್ಯುಪಿಎಲ್‌ಸಾಫ್ಟ್ ಉಚಿತ, ಚಿಕ್ಕ ಫೈಲ್, ಸಿಗ್ನಲ್ ಎರಡು ಕಡ್ಡಿ ಇರುವ ಊರಿನಲ್ಲೂ ಇಳಿಯುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಸಿಮ್ಯುಲೇಟರ್ ಅದರೊಳಗೇ ಇದೆ. ಕೋಡೆಸಿಸ್ ಕೂಡ ಉಚಿತ, ಆದರೆ ಭಾರ. ಓಪನ್‌ಪಿಎಲ್‌ಸಿ ಎಡಿಟರ್ ಪೂರ್ತಿ ಮುಕ್ತ ತಂತ್ರಾಂಶ.

ಸೀಮೆನ್ಸ್ ಪಿಎಲ್‌ಸಿಗಳ ತಂತ್ರಾಂಶ ಟಿಐಎ ಪೋರ್ಟಲ್ 21 ದಿನದ ಪ್ರಯೋಗಕ್ಕೆ ಸಿಗುತ್ತದೆ, ಫ್ಯಾಕ್ಟರಿ ಐಒ ಎಂಬ ಮೂರು ಆಯಾಮದ ಕಾರ್ಖಾನೆ ಸಿಮ್ಯುಲೇಟರ್ 30 ದಿನಕ್ಕೆ. ಇವೆರಡನ್ನೂ ಮೊದಲ ದಿನವೇ ತೆರೆದು ದಿನ ಹಾಳು ಮಾಡಬೇಡಿ. ಲ್ಯಾಡರ್, ಟೈಮರ್, ಕೌಂಟರ್ ಬೇರೆ ಕಡೆ ಕಲಿತು, ಪರೀಕ್ಷೆ ಮುಗಿದು ಬಿಡುವು ಸಿಕ್ಕಾಗ ಶುರು ಮಾಡಿ.

ಸಿಮ್ಯುಲೇಟರ್‌ನಲ್ಲೇ ಎಲ್ಲಾ ಬರುತ್ತೆ ಅಂದ್ಮೇಲೆ ಹಾರ್ಡ್‌ವೇರ್ ಯಾಕೆ?

ಎಲ್ಲಾ ಬರುವುದಿಲ್ಲ. ಸಡಿಲವಾದ ಸ್ಕ್ರೂ ಸಿಮ್ಯುಲೇಟರ್‌ನಲ್ಲಿಲ್ಲ. ಕಾಮನ್ ಟರ್ಮಿನಲ್‌ಗೆ (ಎಲ್ಲ ಇನ್‌ಪುಟ್‌ಗೂ ಸೇರಿದ ಒಂದೇ ತುದಿ) ತಪ್ಪು ವೈರು ಕೊಟ್ಟರೆ ಇನ್‌ಪುಟ್ ದೀಪ ಹತ್ತುವುದೇ ಇಲ್ಲ ಎಂಬುದು ಅಲ್ಲಿ ಗೊತ್ತಾಗುವುದಿಲ್ಲ. ಕೇಬಲ್ ಹಾಕಿದರೂ ಲ್ಯಾಪ್‌ಟಾಪಿನಲ್ಲಿ ಕಾಮ್ ಪೋರ್ಟ್ (ಪಿಎಲ್‌ಸಿ ಜೊತೆ ಮಾತಾಡುವ ಪೋರ್ಟ್) ಕಾಣದೆ ಕೂರುವ ಸಂಜೆ ಅಲ್ಲಿ ಬರುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಎದುರಾಗುವುದು ಇವೇ. ಪ್ರೋಗ್ರಾಮ್ ಬರೆಯುವುದನ್ನು ಉಚಿತವಾಗಿ ಕಲಿಯಿರಿ, ದುಡ್ಡನ್ನು ವೈರಿಂಗ್ ಕಲಿಯಲು ಇಡಿ. ಯಾರು ಕೇಳಿದರೂ ನನ್ನ ಮೊದಲ ಸಲಹೆ ಇದು.

ಲ್ಯಾಡರ್ ಕಲೀಲೋ, ಸ್ಟ್ರಕ್ಚರ್ಡ್ ಟೆಕ್ಸ್ಟ್ ಕಲೀಲೋ?

ಪಿಎಲ್‌ಸಿ ಭಾಷೆಗಳ ಐಇಸಿ 61131-3 ಮಾನದಂಡದಲ್ಲಿ ಎರಡೂ ಇವೆ; ಸ್ಟ್ರಕ್ಚರ್ಡ್ ಟೆಕ್ಸ್ಟ್ ಚಿತ್ರದ ಬದಲು ಅಕ್ಷರದಲ್ಲಿ ಬರೆಯುವ ಭಾಷೆ. ಲ್ಯಾಡರ್ ಮೊದಲು. ಸಾಲು ಸಾಲು ಲೆಕ್ಕಾಚಾರ, ಲೂಪ್ ಬಂದಾಗ ಸ್ಟ್ರಕ್ಚರ್ಡ್ ಟೆಕ್ಸ್ಟ್ ತಾನಾಗಿಯೇ ಬೇಕೆನಿಸುತ್ತದೆ.

## ಕೊಳ್ಳುವ ಮಾತು

ಐನೂರು ರೂಪಾಯಿಯಲ್ಲಿ ಏನಾದ್ರೂ ಆಗುತ್ತಾ?

ಆಗುತ್ತದೆ. ಆರ್ಡಿನೋ ಉನೋದ ಕ್ಲೋನ್ ಹೆಚ್ಚುಕಡಿಮೆ ಆ ಬೆಲೆಗೇ ಸಿಗುತ್ತದೆ. ಓಪನ್‌ಪಿಎಲ್‌ಸಿ ಎಡಿಟರ್‌ನಲ್ಲಿ ಲ್ಯಾಡರ್ ಬರೆದು ನೇರ ಅದಕ್ಕೆ ಇಳಿಸಬಹುದು. ಉನೋದಲ್ಲಿ 2ರಿಂದ 6ರ ವರೆಗಿನ ಪಿನ್‌ಗಳು ಇನ್‌ಪುಟ್. 7, 8, 12, 13 ಔಟ್‌ಪುಟ್. ಪ್ರತಿ ಇನ್‌ಪುಟ್‌ಗೂ ಗ್ರೌಂಡ್‌ಗೆ ಒಂದು 10 ಕಿಲೋ ಓಮ್ ರೆಸಿಸ್ಟರ್ ಹಾಕಿ, ಇಲ್ಲದಿದ್ದರೆ ಬಟನ್ ಮುಟ್ಟದೆಯೂ ಇನ್‌ಪುಟ್ ಕುಣಿಯುತ್ತದೆ.

ಉನೋದ ರ್‍ಯಾಮ್ 2 ಕೆಬಿ ಮಾತ್ರ. ಮೋಟರ್ ಸ್ಟಾರ್ಟ್-ಸ್ಟಾಪ್, ಎರಡು ಟೈಮರ್, ಒಂದು ಕೌಂಟರ್, ಅಷ್ಟಕ್ಕೆ ಸಾಕು. ಇನ್ನೂರು ಮುನ್ನೂರು ಹೆಚ್ಚು ಹಾಕುವುದಾದರೆ ಇಎಸ್‌ಪಿ32 ಬೋರ್ಡ್ ತಗೊಳ್ಳಿ, ಆದರೆ ಅದು 3.3 ವೋಲ್ಟಿನದು. ಯಾವುದಕ್ಕೂ 24 ವೋಲ್ಟ್ ಸೆನ್ಸರ್ ನೇರ ಜೋಡಿಸಬೇಡಿ, ಆ ಕ್ಷಣವೇ ಬೋರ್ಡ್ ಸತ್ತುಹೋಗುತ್ತದೆ. ನಡುವೆ ಪಿಸಿ817 ಆಪ್ಟೋಕಪ್ಲರ್ ಮಾಡ್ಯೂಲ್ (ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ) ಇರಲಿ.

ಮನೇಲಿ ರಾಸ್ಪ್‌ಬೆರಿ ಪೈ ಬಿದ್ದಿದೆ. ಅದನ್ನೇ ಬಳಸಬಹುದಾ?

ಪೈ ಅಂಗೈಯಗಲದ ಕಂಪ್ಯೂಟರ್. ಬಿದ್ದಿದ್ದರೆ ಬಳಸಿ, ಇದಕ್ಕೆಂದೇ ಕೊಳ್ಳಬೇಡಿ. ಕೋಡೆಸಿಸ್ ರನ್‌ಟೈಮ್ (ಪ್ರೋಗ್ರಾಮ್ ಓಡಿಸುವ ಭಾಗ) ಹಾಕಿದರೆ ಲೈಸೆನ್ಸ್ ಇಲ್ಲದೆ ಎರಡು ಗಂಟೆ ಓಡಿ ನಿಲ್ಲುತ್ತದೆ, ಮತ್ತೆ ಶುರು ಮಾಡಬಹುದು. ಅಭ್ಯಾಸಕ್ಕೆ ಎರಡು ಗಂಟೆ ಸಾಲದೆ? ಓಪನ್‌ಪಿಎಲ್‌ಸಿಗೆ ಆ ಮಿತಿಯೂ ಇಲ್ಲ. ಪೈ ಪಿನ್‌ಗಳೂ 3.3 ವೋಲ್ಟಿನವೇ.

ಹೊಸ ಪಿಎಲ್‌ಸಿ ಒಂದೇ ಒಂದು ತಗೊಳ್ಳೋದು ಅಂದ್ರೆ ಯಾವುದು?

ಪಿಎಲ್‌ಸಿಯ ಬೆಲೆ ನೋಡುವ ಮೊದಲು ಮೂರು ಸಂಗತಿ ಕೇಳಿ: ಸಾಫ್ಟ್‌ವೇರ್ ಉಚಿತವೇ? ಕೇಬಲ್ ಯಾವುದು, ಎಷ್ಟು? ಕೆಟ್ಟರೆ ಮೈಸೂರಿನಲ್ಲಿ ನೋಡುವವರಿದ್ದಾರೆಯೇ? ಅಗ್ಗಕ್ಕೆ ಸಿಕ್ಕ ಪಿಎಲ್‌ಸಿಗೆ ಅದರ ಎರಡು ಪಟ್ಟು ಬೆಲೆಯ ಲೈಸೆನ್ಸ್ ಬೇಕಾದರೆ ಅದು ಅಗ್ಗ ಹೇಗಾಯಿತು?

ಈ ಲೆಕ್ಕದಲ್ಲಿ ನನ್ನ ಉತ್ತರ ಡೆಲ್ಟಾ ಡಿವಿಪಿ-14ಎಸ್‌ಎಸ್2. ಎಂಟು ಇನ್‌ಪುಟ್, ಆರು ಔಟ್‌ಪುಟ್, 24 ವೋಲ್ಟ್ ಡಿಸಿ. ಹೊಸದು ಹತ್ತು ಸಾವಿರದೊಳಗೆ ಸಿಗುವಂಥದ್ದು. ಸಾಫ್ಟ್‌ವೇರ್ ಉಚಿತ. ಪ್ರೋಗ್ರಾಮ್ ಇಳಿಸಲು ಮಿನಿ ಡಿನ್ ಕೇಬಲ್ ಬೇಕು, ಅದಿಲ್ಲದಿದ್ದರೆ ಆರ್‌ಎಸ್-485 (ಎ, ಬಿ ಎಂಬ ವೈರುಗಳ ಸಂಪರ್ಕ) ಪೋರ್ಟ್‌ಗೆ ಸಾಧಾರಣ ಯುಎಸ್‌ಬಿ ಕನ್ವರ್ಟರ್ ಹಾಕಿಯೂ ಇಳಿಸಬಹುದು. ಸಂಪರ್ಕ ಸಿಗದಿದ್ದರೆ ಮೊದಲು ನೋಡಬೇಕಾದ್ದು ಸೆಟ್ಟಿಂಗ್: ಕಾರ್ಖಾನೆಯಿಂದ ಬರುವುದು ವೇಗ 9600, 7 ಬಿಟ್, ಈವನ್ ಪ್ಯಾರಿಟಿ, 1 ಸ್ಟಾಪ್ ಬಿಟ್. ಇನ್‌ಪುಟ್ ಸಂಖ್ಯೆ ಎಂಟರ ಲೆಕ್ಕದಲ್ಲಿದೆ ಎಂಬುದೂ ನೆನಪಿರಲಿ, ಎಕ್ಸ್7 ಆದ ಮೇಲೆ ಎಕ್ಸ್10, ಎಕ್ಸ್8 ಎಂಬುದೇ ಇಲ್ಲ.

ಸ್ವಲ್ಪ ಹೆಚ್ಚು ಕೊಡಬಲ್ಲಿರಾದರೆ ಡಿವಿಪಿ-12ಎಸ್‌ಇ. ಈಥರ್ನೆಟ್, ಯುಎಸ್‌ಬಿ ಎರಡೂ ಇರುವುದರಿಂದ ಕೇಬಲ್ ಹುಡುಕುವ ತಲೆನೋವಿಲ್ಲ. ನಮ್ಮ ದೇಶದ ಸೆಲೆಕ್, ಮೆಸಂಗ್ ಕಂಪನಿಗಳ ಪಿಎಲ್‌ಸಿಗಳೂ ಇವೆ. ಹತ್ತಿರದ ಡೀಲರ್ ಚೆನ್ನಾಗಿ ಸ್ಪಂದಿಸುವವನಾದರೆ ಅವನ್ನೂ ನೋಡಬಹುದು.

ಸೀಮೆನ್ಸ್ ಗೊತ್ತಿದ್ರೇನೇ ಕೆಲಸ ಅಂತಾರೆ. ಎಸ್7-1200 ತಗೊಂಡ್ಬಿಡ್ಲಾ?

ಸಾಲ ಮಾಡಿಯಂತೂ ಬೇಡ. ಪಿಎಲ್‌ಸಿಯ ಬೆಲೆಯೇ ಡೆಲ್ಟಾದ ಎರಡು ಮೂರು ಪಟ್ಟು, ಅದರ ಮೇಲೆ ಟಿಐಎ ಪೋರ್ಟಲ್ ಲೈಸೆನ್ಸ್, ಅದನ್ನು ಓಡಿಸಲು 16 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್. ಲ್ಯಾಡರ್, ಸೀಕ್ವೆನ್ಸ್, ಇಂಟರ್‌ಲಾಕ್ (ಒಂದು ಓಡುವಾಗ ಇನ್ನೊಂದು ಓಡದಂತೆ ತಡೆ) ಒಂದು ಕಂಪನಿಯದರಲ್ಲಿ ಗಟ್ಟಿಯಾದರೆ ಮತ್ತೊಂದಕ್ಕೆ ದಾಟುವುದು ಕೆಲವು ವಾರಗಳ ಕೆಲಸ. ಟಿಐಎಯ ಪ್ರಯೋಗ ಅವಧಿಯಲ್ಲಿ ಸೀಮೆನ್ಸ್‌ನದೇ ಸಿಮ್ಯುಲೇಟರ್ ಪಿಎಲ್‌ಸಿಸಿಮ್ ಬಳಸಿ ಎಸ್7-1200ರ ಡೇಟಾ ಬ್ಲಾಕ್, ಫಂಕ್ಷನ್ ಬ್ಲಾಕ್ ಅಭ್ಯಾಸ ಮಾಡಿ. ಹೂಟಗಳ್ಳಿಯಲ್ಲೋ ಪೀಣ್ಯದಲ್ಲೋ ಸಂದರ್ಶನಕ್ಕೆ ಹೋದಾಗ ಆ ಮಾತು ಬಂದರೆ ಬಾಯಿ ಕಟ್ಟುವುದಿಲ್ಲ.

ಸೀಮೆನ್ಸ್‌ನ ‘ಲೋಗೋ’ ಎಂಬ ಪುಟ್ಟ ಕಂಟ್ರೋಲರ್ ಚಿಕ್ಕ ಕೆಲಸಕ್ಕೆ ಒಳ್ಳೆಯ ಸಾಧನ, ಪರದೆ ಇರುವ ಮಾದರಿಯಲ್ಲಿ ಮೈಮೇಲಿನ ಗುಂಡಿಗಳಿಂದಲೇ ಪ್ರೋಗ್ರಾಮ್ ಹಾಕಬಹುದು. ಆದರೆ ಅದು ಎಸ್7 ಕಲಿಯುವ ಮೆಟ್ಟಿಲಲ್ಲ, ಬೇರೆಯದೇ ದಾರಿ.

ಎಫ್‌ಎಕ್ಸ್3ಯು ಬೋರ್ಡ್ ಆನ್‌ಲೈನಲ್ಲಿ ಎರಡು ಮೂರು ಸಾವಿರಕ್ಕಿದೆಯಲ್ಲ?

ಎಫ್‌ಎಕ್ಸ್3ಯು ಮಿತ್ಸುಬಿಷಿಯ ಪಿಎಲ್‌ಸಿ; ಆ ಬೋರ್ಡ್ ಮಾತ್ರ ಮಿತ್ಸುಬಿಷಿ ಮಾಡಿದ್ದಲ್ಲ, ಚೀನಾದ ಅನುಕರಣೆ. ಔಟ್‌ಪುಟ್ ರಿಲೇ, ಅನಲಾಗ್ (ಬರೀ ಆನ್-ಆಫ್ ಅಲ್ಲದೆ ಏರಿಳಿಯುವ ಸಿಗ್ನಲ್), ಆರ್‌ಎಸ್-485 ಎಲ್ಲ ಅಷ್ಟು ಬೆಲೆಗೆ ಬರುವುದು ನಿಜ, 24 ವೋಲ್ಟ್ ವೈರಿಂಗ್ ಕಲಿಯಲು ಮೋಸವಿಲ್ಲ. ತೊಂದರೆ ಎರಡು. ಕೆಲವು ಇನ್‌ಸ್ಟ್ರಕ್ಷನ್‌ಗಳು ಅದರಲ್ಲಿ ನಡೆಯುವುದಿಲ್ಲ. ತಪ್ಪು ನಿಮ್ಮದೋ ಬೋರ್ಡಿನದೋ ತಿಳಿಯದೆ ಹೊಸಬರು ಒದ್ದಾಡುತ್ತಾರೆ. ಎರಡನೆಯದು, ಅದಕ್ಕೆ ಪ್ರೋಗ್ರಾಮ್ ಬರೆಯುವ ಜಿಎಕ್ಸ್ ವರ್ಕ್ಸ್2 ಲೈಸೆನ್ಸ್ ಬೇಕಾದ ಸಾಫ್ಟ್‌ವೇರ್. ಬೋರ್ಡ್ ಮಾರುವವರು ಪೆನ್‌ಡ್ರೈವಿನಲ್ಲಿ ಕೊಡುವ ಕದ್ದ ಪ್ರತಿಯ ಜೊತೆ ಏನೇನು ಬರುತ್ತದೋ ಯಾರಿಗೆ ಗೊತ್ತು. ಆ ಲ್ಯಾಪ್‌ಟಾಪಿನಲ್ಲೇ ನಿಮ್ಮ ಬ್ಯಾಂಕ್ ವ್ಯವಹಾರವೂ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಎಲ್ಲಿ ಸಿಗುತ್ತೆ? ಏನು ನೋಡಿ ತಗೋಬೇಕು?

ಬೆಂಗಳೂರಿನ ಎಸ್‌ಪಿ ರಸ್ತೆ ಎಲ್ಲರಿಗೂ ಗೊತ್ತು. ಅದಕ್ಕಿಂತ ಮೊದಲು ಹತ್ತಿರದಲ್ಲೇ ಕೇಳಿ. ಕಾಫಿ ವರ್ಕ್ಸ್, ಅಕ್ಕಿ ಗಿರಣಿ, ಸಾ ಮಿಲ್‌ಗಳಲ್ಲಿ ಪ್ಯಾನೆಲ್ ಬದಲಿಸಿದಾಗ ಹಳೆಯದು ಮೂಲೆ ಸೇರುತ್ತದೆ. ಪ್ಯಾನೆಲ್ ಕಟ್ಟುವವರ ಪರಿಚಯವಿದ್ದರೆ ಪುಷ್‌ಬಟನ್, ಇಂಡಿಕೇಟರ್, ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟು ಕೊಡುವ ದೊಡ್ಡ ರಿಲೇ), ಡಿನ್ ರೈಲ್ (ಸಾಧನ ಕೂರಿಸುವ ಲೋಹದ ಪಟ್ಟಿ) ತುಂಡುಗಳು ಬಿಟ್ಟಿಯೇ ಸಿಗಬಹುದು. ಪಿಎಲ್‌ಸಿಗಿಂತ ಇವೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಮೈಸೂರು, ಬೆಂಗಳೂರಿಂದ ಸಾಮಾನು ತರಿಸಲು ಸಾರಿಗೆ ಬಸ್ಸಿನ ನಮ್ಮ ಕಾರ್ಗೋ ಇದೆ, ಬಸ್ ನಿಲ್ದಾಣದಲ್ಲಿ ಬಿಡಿಸಿಕೊಳ್ಳಬಹುದು.

ಕೊಳ್ಳುವಾಗ ಪವರ್ ಕೊಟ್ಟು ನೋಡಿ. ರನ್ ದೀಪ ಹತ್ತಬೇಕು, ಎರರ್ ದೀಪ ಮಿನುಗಬಾರದು. ಟರ್ಮಿನಲ್ ಬ್ಲಾಕ್ ಕಳಚಿ ಬರುವಂಥದ್ದಾದರೆ ಅದು ಜೊತೆಗಿದೆಯೇ ನೋಡಿ, ಬೇರೆ ಕೊಳ್ಳಲು ಹೋದರೆ ದುಬಾರಿ. ರಿಲೇ ಔಟ್‌ಪುಟ್‌ಗಳನ್ನು ಒಂದೊಂದಾಗಿ ಮೀಟರ್ ಹಿಡಿದು ಪರೀಕ್ಷಿಸಿ, ವರ್ಷಗಟ್ಟಲೆ ಬಡಿದ ಕಾಂಟ್ಯಾಕ್ಟ್ ಸವೆದಿರುತ್ತದೆ. ಪಾಸ್‌ವರ್ಡ್ ಹಾಕಿದ್ದರೆ ಅಳಿಸಿ ಮರುಬಳಕೆ ಸಾಧ್ಯವೇ ಎಂದು ಖಚಿತ ಮಾಡಿಕೊಳ್ಳಿ.

ಸೀಮೆನ್ಸ್‌ನ ಹಳೆಯ ಎಸ್7-300 ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಅದಕ್ಕೆ ಎಂಪಿಐ ಅಡಾಪ್ಟರ್, ಮೆಮೊರಿ ಕಾರ್ಡ್, ಹಳೆಯ ಸ್ಟೆಪ್ 7, ಒಂದೊಂದಕ್ಕೂ ಬೇರೆ ಖರ್ಚು. ಅಲೆನ್ ಬ್ರಾಡ್ಲಿ ಮೈಕ್ರೋಲಾಜಿಕ್ಸ್ 1100 ಕಣ್ಣಿಗೆ ಬಿದ್ದರೆ ಬಿಡಬೇಡಿ, ಈಥರ್ನೆಟ್ ಇದೆ, ಅದಕ್ಕೆ ಉಚಿತ ಆರ್‌ಎಸ್‌ಲಾಜಿಕ್ಸ್ ಮೈಕ್ರೋ ಸ್ಟಾರ್ಟರ್ ಲೈಟ್ ಆವೃತ್ತಿಯೂ ಉಂಟು.

ಪಿಎಲ್‌ಸಿ ಜೊತೆ ಇನ್ನೇನು ಬೇಕು?

ಒಳ್ಳೆಯ 24 ವೋಲ್ಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), ಎರಡು ಆಂಪಿಯರ್‌ನದು. ಇದರಲ್ಲಿ ಮಾತ್ರ ಜಿಪುಣತನ ಬೇಡ. ಹಸಿರು ಮತ್ತು ಕೆಂಪು ಪುಷ್‌ಬಟನ್, ಒಂದು ಸೆಲೆಕ್ಟರ್ ಸ್ವಿಚ್, 24 ವೋಲ್ಟಿನ ನಾಲ್ಕು ದೀಪ, ಬೇಸ್ ಸಮೇತ ಎರಡು ರಿಲೇ, ಲೋಹ ಹತ್ತಿರ ಬಂದರೆ ತಿಳಿಸುವ ಒಂದು ಪ್ರಾಕ್ಸಿಮಿಟಿ ಸೆನ್ಸರ್, ಅರ್ಧ ಚದರ ಮಿಲಿಮೀಟರ್ ವೈರು, ವೈರಿನ ತುದಿಗೆ ಹಾಕುವ ಫೆರೂಲ್, ಅದನ್ನು ಒತ್ತುವ ಕ್ರಿಂಪರ್, ಮಲ್ಟಿಮೀಟರ್. ಎಲ್ಲವನ್ನೂ ಒಂದು ಪ್ಲೈವುಡ್ ಹಲಗೆಗೆ ಬಿಗಿಯಿರಿ. ಅಂದವಾದ ಟ್ರೈನರ್ ಕಿಟ್ ಎಂದು ಕಾಲೇಜುಗಳಿಗೆ ಮಾರುವ ಪೆಟ್ಟಿಗೆಯ ಒಳಗಿರುವುದೂ ಇದೇ, ಬೆಲೆ ಮಾತ್ರ ಹಲವು ಪಟ್ಟು.

## ವೈರಿಂಗ್

230 ವೋಲ್ಟ್ ಮುಟ್ಟೋಕೆ ಭಯ. ಏನು ಮಾಡ್ಲಿ?

ಆ ಭಯ ಇರಲಿ. ಅಭ್ಯಾಸದ ಹಲಗೆಯಲ್ಲಿ ಮನೆಯ ಕರೆಂಟು ಎಸ್‌ಎಂಪಿಎಸ್‌ನ ಬಾಯಿಯವರೆಗೆ ಮಾತ್ರ. ಅದಕ್ಕೂ ಎಂಸಿಬಿ, ಅರ್ತ್, ಮೇಲೆ ಮುಚ್ಚಳ. ಉಳಿದುದೆಲ್ಲ 24 ವೋಲ್ಟ್ ಡಿಸಿ. ಪಿಎಲ್‌ಸಿ ಆರಿಸುವಾಗಲೂ 24 ವೋಲ್ಟಿನಲ್ಲಿ ಓಡುವುದನ್ನೇ ಆರಿಸಿ. ರಿಲೇ ಕಾಯಿಲ್‌ಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಹಾಕಿ, ಗೆರೆ ಇರುವ ತುದಿ ಪ್ಲಸ್ ಕಡೆಗೆ. ಕಾಯಿಲ್ ಬಿಟ್ಟಾಗ ಎದ್ದುಬರುವ ವೋಲ್ಟೇಜ್‌ನಿಂದ ಟ್ರಾನ್ಸಿಸ್ಟರ್ ಔಟ್‌ಪುಟ್ ಉಳಿಯುತ್ತದೆ.

ಎನ್‌ಪಿಎನ್, ಪಿಎನ್‌ಪಿ ಎಷ್ಟು ಸಲ ಓದಿದ್ರೂ ತಲೆಗೆ ಹೋಗಲ್ಲ.

ಇವು ಸೆನ್ಸರ್ ಔಟ್‌ಪುಟ್‌ನ ಎರಡು ಬಗೆ. ಓದುವುದು ಬಿಟ್ಟು ಮೀಟರ್ ಹಿಡಿಯಿರಿ. ಮೂರು ವೈರಿನ ಸೆನ್ಸರ್‌ನಲ್ಲಿ ಕಂದು ಪ್ಲಸ್, ನೀಲಿ ಮೈನಸ್, ಕಪ್ಪು ಸಿಗ್ನಲ್. ಕಬ್ಬಿಣ ಹತ್ತಿರ ತಂದಾಗ ಕಪ್ಪು ವೈರು 24 ವೋಲ್ಟ್ ಕೊಟ್ಟರೆ ಪಿಎನ್‌ಪಿ, ಸೊನ್ನೆಗೆ ಎಳೆದರೆ ಎನ್‌ಪಿಎನ್. ಡೆಲ್ಟಾದಲ್ಲಿ ಎಸ್/ಎಸ್ ಎಂಬ ಟರ್ಮಿನಲ್ ಇದೆ. ಎನ್‌ಪಿಎನ್‌ಗೆ ಅಲ್ಲಿ 24 ವೋಲ್ಟ್ ಕೊಡಿ, ಪಿಎನ್‌ಪಿಗೆ ಸೊನ್ನೆ ವೋಲ್ಟ್. ಎಲ್ಲೆಡೆ ಅಗ್ಗವಾಗಿ ಸಿಗುವ ಎಲ್‌ಜೆ12ಎ3 ಸೆನ್ಸರ್‌ನಲ್ಲಿ ಕೊನೆಗೆ ಬಿಎಕ್ಸ್ ಎಂದಿದ್ದರೆ ಎನ್‌ಪಿಎನ್, ಬಿವೈ ಎಂದಿದ್ದರೆ ಪಿಎನ್‌ಪಿ. ಒಂದೊಂದು ತಗೊಂಡು ಎರಡನ್ನೂ ಜೋಡಿಸಿ ನೋಡಿ, ಮತ್ತೆ ಮರೆಯುವುದಿಲ್ಲ.

ಸ್ಟಾಪ್ ಬಟನ್ ಎನ್‌ಸಿ ಹಾಕಿದೀನಿ, ಲ್ಯಾಡರ್‌ನಲ್ಲೂ ಎನ್‌ಸಿ ಹಾಕಿದೀನಿ. ಮೋಟರ್ ಆನ್ ಆಗ್ತಾನೇ ಇಲ್ಲ!

ಎನ್‌ಸಿ ಅಂದರೆ ಒತ್ತದಿರುವಾಗ ಕೂಡಿಕೊಂಡಿರುವುದು, ಎನ್‌ಓ ಅಂದರೆ ಬಿಟ್ಟುಕೊಂಡಿರುವುದು. ಲ್ಯಾಡರ್‌ನಲ್ಲಿ ಎನ್‌ಓ ಹಾಕಿ. ಬಟನ್ ಎನ್‌ಸಿ ಆದ್ದರಿಂದ ಯಾರೂ ಒತ್ತದಿರುವಾಗ ಇನ್‌ಪುಟ್ ಆನ್ ಇರುತ್ತದೆ. ಲ್ಯಾಡರ್‌ನ ಎನ್‌ಓ ಕಾಂಟ್ಯಾಕ್ಟ್ ಕೇಳುವುದು ಇನ್‌ಪುಟ್ ಆನ್ ಇದೆಯೇ ಎಂದು ಮಾತ್ರ; ಹೊರಗೆ ಯಾವ ಬಟನ್ ಇದೆ ಎಂಬುದು ಅದಕ್ಕೆ ತಿಳಿಯದು.

ಹಾಗಾದರೆ ಬಟನ್ನನ್ನೇ ಎನ್‌ಓ ಮಾಡಿದರೆ ಸುಲಭವಲ್ಲವೇ ಎಂದು ಕೇಳುತ್ತಾರೆ. ಸುಲಭ, ಆದರೆ ಇಲಿ ವೈರು ಕಡಿದ ದಿನ ಸ್ಟಾಪ್ ಒತ್ತಿದರೂ ಮೋಟರ್ ನಿಲ್ಲುವುದಿಲ್ಲ. ಎನ್‌ಸಿ ಆದರೆ ವೈರು ತುಂಡಾದ ಕ್ಷಣವೇ ಇನ್‌ಪುಟ್ ಆಫ್, ಮೋಟರ್ ಬಂದ್. ತೋಟದ ಮನೆಯ ಪ್ಯಾನೆಲ್‌ಗಳಲ್ಲಿ ಇಲಿ ಇಲ್ಲದ ಜಾಗ ಯಾವುದು ಹೇಳಿ? ಓವರ್‌ಲೋಡ್ ರಿಲೇ, ಎಮರ್ಜೆನ್ಸಿ ಸ್ಟಾಪ್, ಟ್ಯಾಂಕ್ ತುಂಬಿ ಹರಿಯದಂತೆ ಇಡುವ ಫ್ಲೋಟ್ ಎಲ್ಲಕ್ಕೂ ಇದೇ ನಿಯಮ. ಸಿಮ್ಯುಲೇಟರ್‌ನಲ್ಲಿ ಇದನ್ನು ಓಡಿಸುವಾಗ ಸ್ಟಾಪ್ ಇನ್‌ಪುಟ್ಟನ್ನು ಮೊದಲೇ ಆನ್ ಮಾಡಿಡಿ.

ಮಳೆಗಾಲದಲ್ಲಿ ಇದನ್ನೆಲ್ಲ ಹೇಗೆ ಕಾಪಾಡೋದು?

ಕಕ್ಕಡದ ಮಳೆಗೆ ಚಪ್ಪಲಿಗೂ ಬೂಸ್ಟು ಹಿಡಿಯುವ ಊರು ನಮ್ಮದು. ಹಲಗೆಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ತೆರೆದ ಬೋರ್ಡ್‌ಗಳೇ ಬೇಗ ಹಾಳಾಗುವುದು, ಅವಕ್ಕೆ ತೇವ ತಡೆಯುವ ಕನ್‌ಫಾರ್ಮಲ್ ಕೋಟಿಂಗ್ ಸ್ಪ್ರೇ ಹೊಡೆಯಬಹುದು, ಹೊಡೆಯುವ ಮೊದಲು ಕನೆಕ್ಟರ್‌ಗಳಿಗೆ ಟೇಪ್ ಸುತ್ತಿ. ಗುಡುಗು ಕೇಳಿದೊಡನೆ ಪ್ಲಗ್ ಕೀಳಿ, ಲ್ಯಾಪ್‌ಟಾಪಿನ ಕೇಬಲ್ಲನ್ನೂ. ಕರೆಂಟು ಹೋಗಿ ಬರುವ ಆಟದಲ್ಲಿ ಪ್ರೋಗ್ರಾಮ್ ಡೌನ್‌ಲೋಡ್ ನಡುವೆ ಕಡಿದುಹೋಗದಂತೆ ಒಂದು ಚಿಕ್ಕ ಯುಪಿಎಸ್ ಇದ್ದರೆ ಒಳ್ಳೆಯದು.

## ಇನ್ನೊಂದು ಹೆಜ್ಜೆ

ಟ್ರಾಫಿಕ್ ಲೈಟ್ ಮಾಡಿ ಮಾಡಿ ಬೇಜಾರಾಗಿದೆ. ಬೇರೆ ಏನು ಮಾಡ್ಲಿ?

ಮಡಿಕೇರಿಯ ಹುಡುಗ ಟ್ರಾಫಿಕ್ ಲೈಟ್ ಮಾಡುವುದೇ ವಿಚಿತ್ರ. ಸುತ್ತ ಇರುವ ಯಂತ್ರಗಳನ್ನು ನೋಡಿ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಸಾಲು ತೆಗೆದುಕೊಳ್ಳಿ: ಹಣ್ಣು ತರುವ ಫೀಡ್, ಪಲ್ಪರ್, ವಾಷರ್. ಶುರು ಮಾಡುವಾಗ ಹಿಂದಿನಿಂದ, ಅಂದರೆ ಮೊದಲು ವಾಷರ್, ಐದು ಸೆಕೆಂಡು ಬಿಟ್ಟು ಪಲ್ಪರ್, ಆಮೇಲೆ ಫೀಡ್. ನಿಲ್ಲಿಸುವಾಗ ಫೀಡ್ ಮೊದಲು, ಒಳಗಿದ್ದ ಹಣ್ಣು ಖಾಲಿಯಾದ ಮೇಲೆ ಉಳಿದೆರಡು. ನಡುವೆ ಪಲ್ಪರ್ ಟ್ರಿಪ್ ಆದರೆ ಫೀಡ್ ಆ ಕ್ಷಣವೇ ನಿಲ್ಲಬೇಕು, ವಾಷರ್ ಓಡುತ್ತಲೇ ಇರಬೇಕು. ಟ್ರಿಪ್ ಸರಿಯಾದ ಮೇಲೆ ತಾನಾಗಿ ಶುರುವಾಗಬಾರದು, ಯಾರಾದರೂ ರಿಸೆಟ್ ಒತ್ತಬೇಕು. ಮೂರು ದೀಪ, ನಾಲ್ಕು ಬಟನ್‌ಗಳಲ್ಲಿ ಇಷ್ಟೂ ಆಗುತ್ತದೆ. ನೀವು ಮುಂದೆ ನೋಡುವ ಕನ್ವೇಯರ್ ಸಾಲುಗಳ ಹುರುಳೂ ಇಷ್ಟೇ. ಎಸ್‌ಎಸ್2ನಲ್ಲಿ ಟೈಮರ್ ಟಿ0ಕ್ಕೆ ಕೆ50 (ಅಂದರೆ 50 ಎಂಬ ಸಂಖ್ಯೆ) ಕೊಟ್ಟರೆ ಐದು ಸೆಕೆಂಡು, ಲೆಕ್ಕ 100 ಮಿಲಿಸೆಕೆಂಡಿನಲ್ಲಿ.

ಇನ್ನೊಂದು, ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟಾಗ ರೊಬಸ್ಟಾ ತೋಟಕ್ಕೆ ಹಾಯಿಸುವ ಸ್ಪ್ರಿಂಕ್ಲರ್ ಪಂಪು. ಸ್ಟಾರ್-ಡೆಲ್ಟಾ (ದೊಡ್ಡ ಮೋಟರನ್ನು ಕಡಿಮೆ ಕರೆಂಟಿನಲ್ಲಿ ಶುರು ಮಾಡುವ ಜೋಡಣೆ) ಬದಲಾವಣೆ, ಎರಡು ಕಾಂಟ್ಯಾಕ್ಟರ್ ಒಟ್ಟಿಗೆ ಹಿಡಿಯದಂತೆ ಇಂಟರ್‌ಲಾಕ್, ಕೆರೆಯ ನೀರು ತಳ ಕಂಡರೆ ಬಂದ್, ಶಿಫ್ಟ್ ಮುಗಿದಾಗ ಸೈರನ್. ಕರೆಂಟು ಹೋಗಿ ಬಂದಾಗ ಉಳಿದ ಸಮಯ ಎಷ್ಟೆಂಬುದು ನೆನಪಿರಬೇಕು. ಈ ಕೊನೆಯದು ಬಂದಾಗ ಲ್ಯಾಚ್ಡ್ ರಿಜಿಸ್ಟರ್ (ಕರೆಂಟು ಹೋದರೂ ಮರೆಯದ ನೆನಪಿನ ಜಾಗ) ಯಾಕೆಂದು ತಾನೇ ಅರ್ಥವಾಗುತ್ತದೆ.

ಅನಲಾಗ್ ಕಲಿಯೋಕೆ ದುಬಾರಿ ಮಾಡ್ಯೂಲ್ ಬೇಕಾ?

ಡಿವಿಪಿ-20ಎಸ್‌ಎಕ್ಸ್2ನಲ್ಲಿ ನಾಲ್ಕು ಅನಲಾಗ್ ಇನ್‌ಪುಟ್, ಎರಡು ಔಟ್‌ಪುಟ್ ಒಳಗೇ ಇವೆ. ಅನಲಾಗ್ ಬೇಕೇ ಬೇಕೆಂದು ಮೊದಲೇ ಗೊತ್ತಿದ್ದರೆ ಎಸ್‌ಎಸ್2 ಬದಲು ಅದನ್ನೇ ಕೊಳ್ಳಿ. ಸೆನ್ಸರ್ ಬದಲು ಒಂದು ಪೊಟೆನ್ಷಿಯೋಮೀಟರ್ ತಿರುಗಿಸಿ ಅಭ್ಯಾಸ ಮಾಡಬಹುದು.

ಕಾರ್ಖಾನೆಯ ಸೆನ್ಸರ್‌ಗಳು ಕಳಿಸುವ 4-20 ಮಿಲಿಆಂಪ್ ಸಿಗ್ನಲನ್ನು ಆರ್ಡಿನೋದಲ್ಲಿ ಓದಲು 250 ಓಮ್ ಸಾಕು. ನಾಲ್ಕು ಒಂದು ಕಿಲೋ ಓಮ್ ರೆಸಿಸ್ಟರ್ ಸಮಾನಾಂತರವಾಗಿ ಹಾಕಿದರೆ ಸರಿಯಾಗಿ ಅಷ್ಟೇ ಬರುತ್ತದೆ. 4 ಮಿಲಿಆಂಪಿಗೆ 1 ವೋಲ್ಟ್, 20ಕ್ಕೆ 5 ವೋಲ್ಟ್. ಆರ್ಡಿನೋ ತೋರಿಸುವ ಎಣಿಕೆ ಸುಮಾರು 205ರಿಂದ 1023. ಅದಕ್ಕಿಂತ ತುಂಬ ಕೆಳಗಿಳಿದರೆ ವೈರು ಕಡಿದಿದೆ ಎಂದರ್ಥ. ಸೊನ್ನೆಯ ಬದಲು ನಾಲ್ಕರಿಂದ ಶುರು ಮಾಡಿದ್ದರ ಲಾಭ ಇದು.

ಮೋಡ್‌ಬಸ್ ಕಲಿಬೇಕು, ಮೀಟರ್ ಉತ್ತರಾನೇ ಕೊಡ್ತಿಲ್ಲ.

ಮೋಡ್‌ಬಸ್ ಅಂದರೆ ಪಿಎಲ್‌ಸಿ, ಮೀಟರ್‌ನಂಥ ಸಾಧನಗಳು ತಮ್ಮೊಳಗೆ ಮಾತಾಡುವ ಭಾಷೆ; ಆಸ್ಕಿ, ಆರ್‌ಟಿಯು ಅದರ ಎರಡು ಬಗೆ. ಹತ್ತರಲ್ಲಿ ಎಂಟು ಸಲ ಸೆಟ್ಟಿಂಗ್ ಹೊಂದಿರುವುದಿಲ್ಲ. ಡೆಲ್ಟಾ ಹುಟ್ಟಾ 7 ಬಿಟ್ ಆಸ್ಕಿ, ಎನರ್ಜಿ ಮೀಟರ್‌ಗಳು ಸಾಮಾನ್ಯವಾಗಿ 8 ಬಿಟ್ ಆರ್‌ಟಿಯು. ಎಸ್‌ಎಸ್2ನಲ್ಲಿ ಡಿ1120ಕ್ಕೆ ಎಚ್81 ಬರೆದರೆ 9600, 8, ನನ್, 1. ಎಂ1120 ಆನ್ ಮಾಡಿದರೆ ಆ ಸೆಟ್ಟಿಂಗ್ ಹಾಗೇ ಉಳಿಯುತ್ತದೆ, ಎಂ1143 ಆನ್ ಮಾಡಿದರೆ ಆರ್‌ಟಿಯು. ಆಮೇಲೂ ಮಾತಾಡದಿದ್ದರೆ ಎ, ಬಿ ವೈರು ಅದಲುಬದಲು ಮಾಡಿ. ಎಚ್‌ಎಂಐ (ಯಂತ್ರ ನೋಡಿಕೊಳ್ಳುವ ಪರದೆ) ಕೊಳ್ಳುವ ಬದಲು ನೋಡ್-ರೆಡ್ ಎಂಬ ತಂತ್ರಾಂಶ ಹಾಕಿ, ಮೊಬೈಲ್ ಬ್ರೌಸರ್‌ನಲ್ಲೇ ಗುಂಡಿ, ಮೀಟರ್ ಮೂಡಿಸಬಹುದು.

ಹಲಗೆ ಮೇಲೆ ಚೆನ್ನಾಗಿ ಓಡ್ತಿದೆ. ನಮ್ಮ ತೋಟದ ಪಂಪಿಗೇ ಹಾಕ್ಬಿಡ್ಲಾ?

ಆರ್ಡಿನೋ, ಪೈ, ತೆರೆದ ಕ್ಲೋನ್ ಬೋರ್ಡ್ ಆದರೆ ಬೇಡ. ಸರಿಯಾದ ಪಿಎಲ್‌ಸಿ ಆದರೆ ಹಾಕಬಹುದು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಜೊತೆಗಿದ್ದು. ಎಮರ್ಜೆನ್ಸಿ ಸ್ಟಾಪ್, ಓವರ್‌ಲೋಡ್, ಸಿಂಗಲ್ ಫೇಸಿಂಗ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ಬಿಡಿಸುವ ಸಾಧನ) ಮೂರೂ ಕಾಂಟ್ಯಾಕ್ಟರ್ ಕಾಯಿಲ್‌ನ ದಾರಿಯಲ್ಲೇ ಸರಣಿಯಾಗಿ ಕೂರಬೇಕು. ಪ್ರೋಗ್ರಾಮ್ ಕೈಕೊಟ್ಟರೂ ಅವು ಮೋಟರನ್ನು ಬಿಡಿಸಬೇಕು. ಪಿಎಲ್‌ಸಿಯ ಔಟ್‌ಪುಟ್ ನೇರ ದೊಡ್ಡ ಕಾಂಟ್ಯಾಕ್ಟರ್ ಎಳೆಯದಿರಲಿ, ನಡುವೆ ಒಂದು ರಿಲೇ. ಆಟೋ-ಮ್ಯಾನುಯಲ್ ಸ್ವಿಚ್ ತಪ್ಪದೆ ಇಡಿ, ನೀವು ಊರಲ್ಲಿಲ್ಲದ ದಿನ ತೋಟ ನೋಡಿಕೊಳ್ಳುವ ರೈಟರ್ ಹಳೆಯ ಹಾಗೆ ಹಸಿರು ಬಟನ್ ಒತ್ತಿ ಓಡಿಸಲಿ. ಕರೆಂಟು ಮರಳಿ ಬಂದಾಗ ಪಂಪು ತಾನಾಗಿ ಏಳುವುದಾದರೆ, ಪೈಪ್ ಬದಲಿಸುವವರಿಗೆ ಕೇಳುವಂತೆ ಅರ್ಧ ನಿಮಿಷ ಮೊದಲು ಸೈರನ್ ಕೂಗಬೇಕು.